ಎಲೆಯೂಟ, ಬಟ್ಟಲ ಗಂಜಿ ಮತ್ತು ನಮ್ಮ ನುಡಿ

(ಮಹಿಳಾ ವಿಭಾಗದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



'ಮುಂಬಯಿಯ ಹಳೆಯ ಹೊಟೇಲುಗಳು' ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ನನಗೆ ಹೇಳಿದ್ದಾರೆ. ಹೊಟೇಲು ಅಂದ ಕೂಡಲೇ ನಮ್ಮ ತುಳು-ಕನ್ನಡಿಗರ ಕಣ್ಣು ಉಡುಪಿ ಹೊಟೇಲಿನ ಕಡೆ ತಿರುಗುತ್ತದೆ. ಅದು ಸಹಜ. ನಾನೂ ಅಲ್ಲಿಗೆ ಬರುತ್ತೇನೆ. ಆದರೆ ಇವತ್ತು ಸ್ವಲ್ಪ ಸುತ್ತು ಬಳಸಿ, ಚೀನೀಯರ ಹೊಟೇಲಿನ ಮೂಲಕ ಬರುತ್ತೇನೆ. ಕಾರಣ ಇದೆ. ನಾವು ಆಂಟಾಪ್ ಹಿಲ್‌ನವರು. ಮುಂಬಯಿಯ ಚೀನೀಯರ ಸ್ಮಶಾನ ಇರುವುದು ನಮ್ಮ ಈ ಆಂಟಾಪ್ ಹಿಲ್‌ನಲ್ಲೇ. ಸರಕಾರಿ ಕ್ವಾರ್ಟರ್ಸುಗಳಲ್ಲಿ ಇಡೀ ಆಯುಷ್ಯ ಕಳೆದವರಿಗೂ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಪ್ರತಿ ವರ್ಷ ಏಪ್ರಿಲ್ 4 ಅಥವಾ 5ರ ಸುಮಾರಿಗೆ ಚೀನೀಯರ ಚಿಂಗ್‌ಮಿಂಗ್ ಹಬ್ಬ ಬರುತ್ತದೆ. ಆಗ ಮನೆಮಂದಿ ಹಿರಿಯರ ಸಮಾಧಿಗೆ ಹೋಗಿ, ಕಸ ಗುಡಿಸಿ, ಊದುಬತ್ತಿ ಹಚ್ಚಿ, ಹಣ್ಣು, ಚಹಾ, ಅಡುಗೆ ಇಟ್ಟು ಕೈಮುಗಿಯುತ್ತಾರೆ. ತೀರಿಕೊಂಡವರಿಗೆ ಅವರಿಗೆ ಇಷ್ಟವಾದದ್ದನ್ನೇ ಬಡಿಸುವುದು. ನಮ್ಮ ಮಹಾಲಯಕ್ಕೂ, ತುಳುನಾಡಿನಲ್ಲಿ ಆಟಿ ತಿಂಗಳಲ್ಲಿ ಕುಲೆಗಳಿಗೆ ಎಲೆ ಹಾಕಿ ಬಡಿಸುವುದಕ್ಕೂ ಇದಕ್ಕೂ ಏನು ದೊಡ್ಡ ವ್ಯತ್ಯಾಸ, ನೀವೇ ಹೇಳಿ.

ಇವರು ಇಲ್ಲಿಗೆ ಬಂದದ್ದು ಹೇಗೆ? ಚೀನದ ದಕ್ಷಿಣ ಕರಾವಳಿಯಲ್ಲಿ ಗುವಾಂಗ್‌ಡಾಂಗ್ ಎಂಬ ಪ್ರಾಂತ. ಅದರ ರಾಜಧಾನಿ ಗುವಾಂಗ್‌ಝೌ, ಹಿಂದಿನವರ ಬಾಯಲ್ಲಿ ಕ್ಯಾಂಟನ್. ಮುಂಬಯಿಗೂ ಕ್ಯಾಂಟನ್‌ಗೂ ಹಡಗಿನ ನಂಟು ಬಹಳ ಹಳೆಯದು. ಪಾರ್ಸಿ ವ್ಯಾಪಾರಿಗಳು ಇಲ್ಲಿಂದ ಹತ್ತಿ, ಅಫೀಮು ಒಯ್ದು ಅಲ್ಲಿಂದ ಚಹಾ, ರೇಷ್ಮೆ ತರುತ್ತಿದ್ದರು. ಜೆ.ಜೆ. ಆಸ್ಪತ್ರೆಗೆ ಹೆಸರು ಕೊಟ್ಟ ಜಮ್ಶೆಟ್‌ಜೀ ಜೀಜೀಭಾಯ್ ಸಂಪತ್ತು ಗಳಿಸಿದ್ದು ಈ ಚೀನಾ ವ್ಯಾಪಾರದಲ್ಲೇ. ನಾವು ಆಸೆಯಿಂದ ನೋಡುವ ಪಾರ್ಸಿ ಗಾರಾ ಸೀರೆಯ ಕಸೂತಿಯೂ ಚೀನದ ಕೈಗಳಿಂದ ಬಂದದ್ದು. ಆ ಹಡಗುಗಳ ದಾರಿಯಲ್ಲಿ ಖಲಾಸಿಗಳು, ಬಡಗಿಗಳು, ಅಡುಗೆಯವರು ಬಂದರು. ಮಝಗಾಂವ್‌ನಲ್ಲಿ, ಡಾಕ್‌ಯಾರ್ಡ್ ರೋಡ್ ಸ್ಟೇಷನ್ ಹತ್ತಿರ ಸೀ ಯುಪ್ ಕೂನ್ ಎಂಬ ಅವರ ದೇವಸ್ಥಾನ ಇಂದಿಗೂ ಇದೆ. 1919ರದು. 'ಸೀ ಯುಪ್' ಅಂದರೆ 'ನಾಲ್ಕು ತಾಲೂಕು'. ಕ್ಯಾಂಟನ್ ಸೀಮೆಯ ನಾಲ್ಕು ತಾಲೂಕಿನವರು ಕೂಡಿ ಕಟ್ಟಿಕೊಂಡದ್ದು. ಊರಿನ ಹೆಸರಿನಲ್ಲಿ ಸಂಘ, ಸಂಘದ ನೆರಳಲ್ಲಿ ದೇವರು! ನಮ್ಮವರು ಮಾಡಿದ್ದೂ ಅದನ್ನೇ ಅಲ್ಲವೇ? ಮಾತುಂಗದ ಮೈಸೂರು ಅಸೋಸಿಯೇಷನ್ ಹುಟ್ಟಿದ್ದು 1926ರಲ್ಲಿ, ಅದಾಗಿ ಏಳೇ ವರ್ಷಕ್ಕೆ.

ಪರವೂರಿಗೆ ಬಂದವನಿಗೆ ಬಂಡವಾಳ ಕಡಿಮೆ. ಭಾಷೆ ಬರುವುದಿಲ್ಲ. ಆದರೆ ಅಮ್ಮನ ಕೈಯಡುಗೆಯ ರುಚಿ ನಾಲಿಗೆಯಲ್ಲಿದೆ. ಅದೇ ಬಂಡವಾಳ. ಹೀಗೆ 1930ರ ದಶಕದ ಕೊನೆಯಲ್ಲಿ ಚರ್ಚ್‌ಗೇಟ್‌ನ ಇಂದಿನ ವೀರ್ ನರಿಮನ್ ರಸ್ತೆಯಲ್ಲಿ, ನಗೀನ್ ಮಹಲ್ ಕಟ್ಟಡದಲ್ಲಿ 'ಕಾಮ್‌ಲಿಂಗ್' ಶುರುವಾಯಿತು. ಕ್ಯಾಂಟನ್ ಪದ್ಧತಿಯ ಅಡುಗೆಗೆ ಹೆಸರಾದ, ಮುಂಬಯಿಯ ಅತ್ಯಂತ ಹಳೆಯ ಚೀನೀ ಹೊಟೇಲುಗಳಲ್ಲಿ ಒಂದು. ಕೊಲಾಬಾದಲ್ಲಿ ಲಿಂಗ್ ಕುಟುಂಬದವರ 'ನಾನ್‌ಕಿಂಗ್' ಇತ್ತು. ಅದು ಮುಚ್ಚಿತು. ಅದೇ ಕುಟುಂಬದ 'ಲಿಂಗ್ಸ್ ಪೆವಿಲಿಯನ್' ರೀಗಲ್ ಸಿನೆಮಾದ ಹಿಂಬದಿಯಲ್ಲಿ ಹೆಸರು ಉಳಿಸಿಕೊಂಡಿತು.

ಇನ್ನು ಅಡುಗೆಯ ಮಾತು. ಇಷ್ಟು ಜನ ಹೆಂಗಸರ ಮುಂದೆ ನಿಂತು ಅಡುಗೆಯ ಮಾತಾಡದೆ ಹೋದರೆ ನೀವು ಬಿಡುವುದಿಲ್ಲ! ಚೈನೀಸ್ ಅಂದರೆ ನಮ್ಮ ಮಕ್ಕಳಿಗೆ ಕೆಂಪು ಬಣ್ಣ, ಖಾರ, ಜಿಡ್ಡು. ಕ್ಯಾಂಟನ್ನಿನ ಅಡುಗೆ ಹಾಗಲ್ಲ. ಪದಾರ್ಥ ತಾಜಾ ಇರಬೇಕು, ಅದರ ಸ್ವಂತ ರುಚಿ ಮಸಾಲೆಯಲ್ಲಿ ಮುಳುಗಬಾರದು ಎಂಬುದು ಅವರ ಮೊದಲ ಪಾಠ. ಇಡೀ ಮೀನನ್ನು ಹಬೆಯಲ್ಲಿ ಬೇಯಿಸಿ, ಮೇಲೆ ಎಳೆಎಳೆಯಾಗಿ ಹೆಚ್ಚಿದ ಶುಂಠಿ, ಈರುಳ್ಳಿಸೊಪ್ಪು ಹಾಕಿ, ಬಿಸಿ ಎಣ್ಣೆಯನ್ನೂ ಸ್ವಲ್ಪ ಸೋಯಾ ಸಾಸನ್ನೂ ಸುರಿದರೆ ಮುಗಿಯಿತು. ಮೀನು ಹಳತಾಗಿದ್ದರೆ ಇದರಲ್ಲಿ ಬಚ್ಚಿಡಲು ಸಾಧ್ಯವಿಲ್ಲ. ಇನ್ನು ಬಾಣಲೆಯ ಕೆಲಸ. ತರಕಾರಿ, ಮಾಂಸ ಎಲ್ಲ ಮೊದಲೇ ಒಂದೇ ಅಳತೆಗೆ ಹೆಚ್ಚಿ ಇಟ್ಟುಕೊಳ್ಳುತ್ತಾರೆ. ಹೆಚ್ಚುವುದಕ್ಕೆ ಒಂದು ಗಂಟೆ, ಬೇಯಿಸುವುದಕ್ಕೆ ಎರಡು ನಿಮಿಷ. ಧಗಧಗ ಉರಿಯಲ್ಲಿ ಕಬ್ಬಿಣದ ಬಾಣಲೆ ಕಾದು, ಹಾಕಿದ್ದನ್ನು ಹಾರಿಸಿ ಹಾರಿಸಿ ತೆಗೆದಾಗ ಒಂದು ಸುವಾಸನೆ ಹತ್ತುತ್ತದೆ. ಅದಕ್ಕೆ ಕ್ಯಾಂಟನೀಸ್ ಭಾಷೆಯಲ್ಲಿ 'ವೋಕ್ ಹೇ' ಅನ್ನುತ್ತಾರೆ, ಬಾಣಲೆಯ ಉಸಿರು. ಮನೆಯ ಗ್ಯಾಸಿನ ಉರಿಯಲ್ಲಿ ಅದು ಬರುವುದು ಕಷ್ಟ.

ಹಬೆಯ ಅಡುಗೆ ಅಂದಾಗ ನನಗೆ ನಮ್ಮ ಕಡುಬು, ಪತ್ರೊಡೆ, ಮೂಡೆ ನೆನಪಾಗುತ್ತವೆ. ಅವರು ಅಕ್ಕಿಹಿಟ್ಟಿನ ನೀರುಹಿಟ್ಟನ್ನು ಹಬೆಯಲ್ಲಿ ತೆಳ್ಳಗೆ ಬೇಯಿಸಿ ಸುರುಳಿ ಸುತ್ತುತ್ತಾರೆ. ನಾವು ಅಂಥದೇ ನೀರುಹಿಟ್ಟನ್ನು ಕಾವಲಿಗೆ ಎರೆದು ನೀರುದೋಸೆ ಮಡಚುತ್ತೇವೆ. ಬೆಳಿಗ್ಗೆ ಅವರು ತಿನ್ನುವುದು 'ಜುಕ್', ಅಂದರೆ ಗಂಜಿ. ಇಂಗ್ಲಿಷಿನವರು ಇಡೀ ಜಗತ್ತಿನ ಚೀನೀ ಗಂಜಿಗೆ 'ಕಾಂಜಿ' ಎಂದು ಹೆಸರಿಟ್ಟಿದ್ದಾರಲ್ಲ, ಆ ಪದ ಪೋರ್ಚುಗೀಸರ ಕೈಯಿಂದ ಹೋದ ನಮ್ಮ ದ್ರಾವಿಡ ಪದ: ಕಂಜಿ, ಗಂಜಿ. ಹಾಂಗ್‌ಕಾಂಗ್‌ನ ಹೊಟೇಲಿನ ಇಂಗ್ಲಿಷ್ ಮೆನುವಿನಲ್ಲಿ ನಮ್ಮ ಕುಚ್ಚಲಕ್ಕಿ ಗಂಜಿಯ ಹೆಸರು ಕೂತಿದೆ! ಬದಲಿಗೆ ಅವರಿಂದ ನಾವು ಪಡೆದದ್ದು ಚಹಾ. ಪದವೂ ಅವರದ್ದೇ. ಉಪ್ಪಿನಕಾಯಿ ಹಾಕಿಡುವ ಚೀನಿ ಭರಣಿ, ಸಾಂಬಾರಿಗೆ ಹಾಕುವ ಚೀನಿಕಾಯಿ, ಈ ಹೆಸರುಗಳನ್ನು ಅಜ್ಜಿಯಂದಿರು ದಿನಾ ಹೇಳುತ್ತಿದ್ದರು. ಅಡುಗೆಮನೆಯಲ್ಲಿ ಪರದೇಶ ಎಂಬುದು ಇಲ್ಲ ಅಕ್ಕಂದಿರೇ.

ಈಗ ಚರ್ಚ್‌ಗೇಟ್‌ನಿಂದ ಮಾತುಂಗಕ್ಕೆ ಬನ್ನಿ. ಮಾತುಂಗ ಸ್ಟೇಷನ್ನಿನ ಪೂರ್ವಕ್ಕೆ, ಮಾರ್ಕೆಟ್ ಕಟ್ಟಡದ ಮೆಟ್ಟಿಲು ಹತ್ತಿದರೆ ಎ. ರಾಮ ನಾಯಕ್ ಅವರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ಕಾರ್ಕಳದ ಕಡೆಯ ಹಳ್ಳಿಯಿಂದ ಹುಡುಗನಾಗಿ ಮುಂಬಯಿಗೆ ಬಂದವರು, 1942ರಲ್ಲಿ ಇದನ್ನು ಆರಂಭಿಸಿದರು. ಅದಕ್ಕೆ ಎರಡು ವರ್ಷ ಮೊದಲು, 1940ರಲ್ಲಿ, ಕಿಂಗ್ಸ್ ಸರ್ಕಲ್ ಬಳಿ ಕಾಮತರ ಕೆಫೆ ಮದ್ರಾಸ್ ಬಂದಿತ್ತು. ಊರಿನಿಂದ ಹುಡುಗರು ಹೀಗೆ ಹೊರಟದ್ದು ಸುಖಕ್ಕಲ್ಲ. 1923ರ ದೊಡ್ಡ ನೆರೆಯ ಕಥೆಯನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಹೊಲ ಸಣ್ಣದು, ಮನೆಯಲ್ಲಿ ಮಕ್ಕಳು ಹಲವು. ಹತ್ತು-ಹನ್ನೆರಡರ ಹುಡುಗ ಯಾರೋ ಊರಿನವರ ಬೆನ್ನು ಹಿಡಿದು ಬಂದು, ಲೋಟ ತೊಳೆದು, ಮೇಜು ಒರೆಸಿ, ಸಪ್ಲೈಯರ್ ಆಗಿ, ಕಡೆಗೆ ಗಲ್ಲೆಯ ಮೇಲೆ ಕೂತವರು ಎಷ್ಟೋ ಮಂದಿ. ರಾತ್ರಿ ಶಾಲೆಗಳು ಹುಟ್ಟಿದ್ದು ಇಂಥ ಹುಡುಗರಿಗಾಗಿಯೇ. ಹಗಲಿಡೀ ಹೊಟೇಲಿನಲ್ಲಿ ದುಡಿದು, ರಾತ್ರಿ ಕನ್ನಡದಲ್ಲಿ ಓದಿ ಎಸ್.ಎಸ್.ಸಿ. ಪಾಸಾದವರು ಈ ಶಹರದಲ್ಲಿ ವಕೀಲರಾಗಿದ್ದಾರೆ, ಬ್ಯಾಂಕ್ ಮ್ಯಾನೇಜರ್ ಆಗಿದ್ದಾರೆ.

ರಾಮ ನಾಯಕರಲ್ಲಿ ಊಟ ಮಾಡಿದವರಿಗೆ ಗೊತ್ತು. ಅಲಂಕಾರ ಏನೂ ಇಲ್ಲ. ಮೊದಲು ಕೂಪನ್, ಆಮೇಲೆ ಸರದಿ. ಬಾಳೆ ಎಲೆ, ಪಲ್ಯ, ಸಾರು, ಸಾಂಬಾರು, ಪೂರಿ ಅಥವಾ ಚಪಾತಿ, ಅನ್ನ, ಹಪ್ಪಳ, ಮಜ್ಜಿಗೆ. ಅಡುಗೆಮನೆ ಹೇಗಿದೆ ಎಂದು ಬೇಕಾದವರು ನೋಡಬಹುದು. ಸೋಮವಾರ ರಜೆ. ಮಂತ್ರಿ ಬಂದರೂ, ಮಾರ್ಕೆಟ್ಟಿನ ಹಮಾಲ ಬಂದರೂ ಅದೇ ಎಲೆ.

ಇಂಥ ಹೊಟೇಲುಗಳು ಎಂಟು-ಒಂಬತ್ತು ದಶಕ ಹೇಗೆ ಬಾಳಿದವು? ಬರೀ ರುಚಿಯಿಂದ ಅಲ್ಲ. ಲೆಕ್ಕ ಕೇಳಿ. ಒಂದು, ಮೆನು ಸಣ್ಣದು. ಉಳಿದು ಹಾಳಾಗುವುದು ಕಡಿಮೆ. ಎರಡು, ಗಿರಾಕಿ ಉಂಡು ಬೇಗ ಏಳುತ್ತಾನೆ. ಒಂದೇ ಮೇಜಿಗೆ ಮಧ್ಯಾಹ್ನದೊಳಗೆ ಹಲವು ಪಂಕ್ತಿ ಕೂತು ಏಳುತ್ತವೆ. ಮೂರು, ಗಲ್ಲೆಯಲ್ಲಿ ಮನೆಯವರೇ ಇರುತ್ತಾರೆ. ನಾಲ್ಕನೆಯದು ಮುಖ್ಯ, ಜಾಗ. 1947ರ ಬಾಂಬೆ ಬಾಡಿಗೆ ಕಾಯ್ದೆ ಹಳೆಯ ಬಾಡಿಗೆಗಳನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಪಗಡಿಯ ಜಾಗದಲ್ಲಿ ಕೂತವನಿಗೆ ಬಾಡಿಗೆಯ ಹೊರೆ ಇಲ್ಲದ್ದರಿಂದ ಕಡಿಮೆ ಬೆಲೆಗೆ ಊಟ ಕೊಡಲು ಸಾಧ್ಯವಾಯಿತು. ಇರಾನಿ ಹೊಟೇಲುಗಳೂ ಹೀಗೆಯೇ ಉಳಿದವು. ಹಾಗಾಗಿ ಹಳೆಯ ಕಟ್ಟಡ ಕೆಡವಿ ಟವರ್ ಏಳುವ ದಿನ ಇಂಥ ಹೊಟೇಲಿನ ಆಯುಷ್ಯಕ್ಕೂ ಪ್ರಶ್ನೆ ಬರುತ್ತದೆ. ಹೊಸ ಬಾಡಿಗೆಗೆ ಹೊಂದುವ ಬೆಲೆ ಹಾಕಿದರೆ ಹಮಾಲ ಆ ಮೆಟ್ಟಿಲು ಹತ್ತುವುದಿಲ್ಲ.

ಇವರ ಹಾದಿ ಹೂವಿನದ್ದಾಗಿರಲಿಲ್ಲ. 1962ರ ಅಕ್ಟೋಬರ್ 20ರಿಂದ ನವೆಂಬರ್ 21ರವರೆಗೆ ಚೀನದೊಂದಿಗೆ ಯುದ್ಧ. ಆಗ ಈ ದೇಶದಲ್ಲೇ ಹುಟ್ಟಿದ, ಹಿಂದಿ, ಬಂಗಾಳಿ, ಅಸ್ಸಾಮಿ ಮಾತಾಡುವ ಚೀನೀ ಮೂಲದ ಸುಮಾರು 3000 ಮಂದಿಯನ್ನು ರಾಜಸ್ಥಾನದ ದೇವಳಿ ಶಿಬಿರಕ್ಕೆ ಸಾಗಿಸಿದರು. ಹೆಚ್ಚಿನವರು ಅಸ್ಸಾಂ, ಬಂಗಾಳದ ಕಡೆಯವರು. ಅವರಲ್ಲಿ ಬಸುರಿಯರಿದ್ದರು, ಎಳೆಗೂಸುಗಳಿದ್ದವು. ಕೆಲವರು ವರ್ಷಗಟ್ಟಲೆ ಅಲ್ಲಿದ್ದರು. ಮುಂಬಯಿಯಲ್ಲೂ ಚೀನೀಯರನ್ನು ಅನುಮಾನದಿಂದ ನೋಡುವ ಕಾಲ ಬಂತು. ಅನೇಕರು ಅಂಗಡಿ ಮುಚ್ಚಿ ಕೆನಡಾ, ಆಸ್ಟ್ರೇಲಿಯಾ ಎಂದು ಹೊರಟುಹೋದರು. ಉಳಿದವರನ್ನು ಬದುಕಿಸಿದ್ದು ಮೂರು ಕಸುಬು: ಹೊಟೇಲು, ಹಲ್ಲಿನ ವೈದ್ಯ, ಬ್ಯೂಟಿ ಪಾರ್ಲರ್. ಈ ಮೂರನೆಯದನ್ನು ನಡೆಸಿದವರು ಹೆಂಗಸರು.

ಇದು ಅವರ ಕಥೆ, ನಮಗೇನು ಎನ್ನಬೇಡಿ. ನಾಲ್ಕೇ ವರ್ಷದ ಮೇಲೆ, 1966ರ ನಂತರ, 'ದಕ್ಷಿಣದವರು ನಮ್ಮ ಕೆಲಸ ಕಸಿದುಕೊಂಡರು' ಎಂಬ ಕೂಗು ಈ ಶಹರದಲ್ಲಿ ಎದ್ದಿತು. ಉಡುಪಿ ಹೊಟೇಲುಗಳ ಗಾಜಿಗೂ ಕಲ್ಲು ಬಿತ್ತು. ಕಲ್ಲು ಬಿದ್ದವರು ಊರಿಗೆ ಓಡಲಿಲ್ಲ. ಗಾಜು ಬದಲಿಸಿದರು, ಮರಾಠಿ ಕಲಿತರು, ಬೋರ್ಡನ್ನು ಮರಾಠಿಯಲ್ಲಿ ಬರೆಸಿದರು, ಮೆನುವಿಗೆ ಸಾಬುದಾನಾ ವಡೆ, ಮಿಸಳ್ ಸೇರಿಸಿದರು. ಇವತ್ತು ಮರಾಠಿ ಮನೆಯವರು ಭಾನುವಾರ ಬೆಳಿಗ್ಗೆ ಮಾತುಂಗದಲ್ಲಿ ದೋಸೆಗೆ ಕ್ಯೂ ನಿಲ್ಲುತ್ತಾರೆ. ಜಗಳವನ್ನು ಎಷ್ಟೋ ಮಟ್ಟಿಗೆ ಹೊಟ್ಟೆಯ ದಾರಿಯಲ್ಲಿ ಕರಗಿಸಿದವರು ನಮ್ಮವರು. ಅದರ ಬಗ್ಗೆ ನನಗೆ ಹೆಮ್ಮೆ ಇದೆ.

ಈ ಎರಡು ಅಡುಗೆಮನೆಗಳ ನಡುವೆ ಒಂದು ಸಂಬಂಧವೂ ಬೆಳೆಯಿತು. ನಗುತ್ತೀರಿ. ಅದು ಮಂಚೂರಿಯನ್! ಚೀನದ ಈಶಾನ್ಯದ ಮಂಚೂರಿಯಾದಲ್ಲಿ ಈ ತಿಂಡಿ ಯಾರಿಗೂ ಗೊತ್ತಿಲ್ಲ. ಅದು ಹುಟ್ಟಿದ್ದು ನಮ್ಮ ಮುಂಬಯಿಯಲ್ಲಿ. ಕೋಲ್ಕತ್ತದಲ್ಲಿ ಹುಟ್ಟಿದ ಚೀನೀ ಮೂಲದ ನೆಲ್ಸನ್ ವಾಂಗ್ ಅವರು 1975ರಲ್ಲಿ ಚರ್ಚ್‌ಗೇಟ್‌ನ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಇದನ್ನು ಮೊದಲು ಮಾಡಿದರೆಂದು ಹೇಳುತ್ತಾರೆ. ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನ ನಮ್ಮ ಒಗ್ಗರಣೆ. ಗರಂ ಮಸಾಲೆಯ ಬದಲು ಸೋಯಾ ಸಾಸ್, ಕಾರ್ನ್‌ಫ್ಲೋರ್. ಕೋಳಿಯ ಜಾಗಕ್ಕೆ ಹೂಕೋಸು ಬಂದು ಗೋಬಿ ಮಂಚೂರಿಯನ್ ಆಯಿತು. ನಮ್ಮ ಶೆಟ್ಟರ ಹೊಟೇಲುಗಳು ಅದನ್ನು ಮಡಿಲಿಗೆ ಹಾಕಿಕೊಂಡವು. ದೋಸೆಯೊಳಗೆ ಶೆಜ್ವಾನ್ ಚಟ್ನಿ ಸೇರಿತು. ಅಲ್ಲಿಂದ ಅದು ಕರ್ನಾಟಕದ ಸಂತೆ, ಜಾತ್ರೆಗಳಿಗೆ ಮುಟ್ಟಿತು. ಎಷ್ಟರಮಟ್ಟಿಗೆ ಅಂದರೆ, 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಯನ್ನಿಗೆ ಕೃತಕ ಬಣ್ಣ ಹಾಕಬಾರದೆಂದು ಕರ್ನಾಟಕ ಸರಕಾರವೇ ಆಜ್ಞೆ ಹೊರಡಿಸಬೇಕಾಯಿತು. ನಿಮ್ಮ ಮಕ್ಕಳಿಗೆ ಮನೆಯಲ್ಲಿ ಮಾಡಿಕೊಡುವಾಗ ಆ ಕೆಂಪು ಬೇಡ. ಬ್ಯಾಡಗಿ ಮೆಣಸು ನೆನೆಸಿ ರುಬ್ಬಿದರೆ ಸಾಕು, ಬಣ್ಣ ಅದೇ ಕೊಡುತ್ತದೆ.

ಇಲ್ಲಿಯವರೆಗೆ ನಗುತ್ತ ಕೇಳಿದಿರಿ. ಇನ್ನು ನಾನು ಹೇಳಬೇಕೆಂದು ಬಂದ ಮಾತು.

ಮಂಚೂರಿಯನ್ ಗಲ್ಲಿಗಲ್ಲಿಯಲ್ಲಿದೆ. ಕಾಮ್‌ಲಿಂಗ್‌ನ ಹೆಸರು ಹಳಬರ ಬಾಯಲ್ಲಿದೆ. ಹೊಟೇಲು ಗೆದ್ದಿತು, ತಿಂಡಿ ಗೆದ್ದಿತು. ಆದರೆ ಆ ಅಡುಗೆಯನ್ನು ತಂದ ಜನರ ಮಾತು? ಮುಂಬಯಿಯಲ್ಲಿ ಕ್ಯಾಂಟನೀಸ್ ಮಾತಾಡುವ ಮನೆಗಳು ಬೆರಳೆಣಿಕೆಯಷ್ಟಾಗುತ್ತಿವೆ. ಮೂರನೆಯ ತಲೆಮಾರು ಹಿಂದಿ, ಇಂಗ್ಲಿಷಿನಲ್ಲಿ ಬೆಳೆದು ಟೊರಾಂಟೋಗೆ ಹೋಗಿದೆ. ನಮ್ಮ ಆಂಟಾಪ್ ಹಿಲ್‌ನ ಸ್ಮಶಾನದ ಕಲ್ಲುಗಳ ಮೇಲಿನ ಚೀನೀ ಅಕ್ಷರಗಳನ್ನು ಓದಬಲ್ಲ ಮೊಮ್ಮಕ್ಕಳು ಎಷ್ಟು ಮಂದಿ ಉಳಿದಾರು? ಅಜ್ಜನ ಹೆಸರು ಕಲ್ಲಿನಲ್ಲಿದೆ, ಮೊಮ್ಮಗಳಿಗೆ ಓದಲು ಬರುವುದಿಲ್ಲ. ಇದಕ್ಕಿಂತ ದೊಡ್ಡ ನಷ್ಟ ಯಾವುದಿದೆ?

ಈಗ ನಮ್ಮ ಕಡೆ ನೋಡಿಕೊಳ್ಳೋಣ. 'ಉಡುಪಿ ಹೊಟೇಲು ಇರುವ ತನಕ ಮುಂಬಯಿಯಲ್ಲಿ ಕನ್ನಡಕ್ಕೆ ಭಯವಿಲ್ಲ' ಎಂದು ಸಭೆಗಳಲ್ಲಿ ಹೇಳುವುದನ್ನು ನಾನು ಕೇಳಿದ್ದೇನೆ. ನನಗೆ ಅದು ಒಪ್ಪಿಗೆಯಿಲ್ಲ. ಹೊಟೇಲು ಇದ್ದರೆ ಇಡ್ಲಿ ಉಳಿಯುತ್ತದೆ, ಕನ್ನಡ ಉಳಿಯಬೇಕೆಂದಿಲ್ಲ. ಇವತ್ತು ಅನೇಕ ಹೊಟೇಲುಗಳಲ್ಲಿ ಬಡಿಸುವ ಹುಡುಗರು, ಅಡುಗೆಯವರು ಬೇರೆ ಬೇರೆ ರಾಜ್ಯಗಳಿಂದ ಬಂದವರು. ನಮ್ಮ ಊರಿನ ಹುಡುಗರು ಲೋಟ ತೊಳೆಯಲು ಬರಬೇಕಾದ ಸ್ಥಿತಿ ಈಗಿಲ್ಲ. ಅದು ಒಳ್ಳೆಯದೇ, ಸಂತೋಷವೇ. ಆದರೆ ಅದರ ಜೊತೆಗೆ ಗಲ್ಲೆಯಿಂದ ಅಡುಗೆಮನೆಗೆ ಹೋಗುತ್ತಿದ್ದ ಕನ್ನಡ, ತುಳು, ಕೊಂಕಣಿ ಮಾತುಗಳೂ ನಿಂತವು. ರಾತ್ರಿ ಶಾಲೆಗಳಿಗೆ ಮಕ್ಕಳಿಲ್ಲ. ಕನ್ನಡ ಮಾಧ್ಯಮದ ತರಗತಿಗಳು ಒಂದೊಂದಾಗಿ ಇಂಗ್ಲಿಷಿಗೆ ತಿರುಗುತ್ತಿವೆ. ಕಲ್ಲಿನ ಮೇಲಿನ ಅಕ್ಷರ ಓದಲಾರದ ಮೊಮ್ಮಕ್ಕಳು ನಮ್ಮ ಮನೆಯಲ್ಲೂ ಬೆಳೆಯುತ್ತಿದ್ದಾರೆ.

ಇನ್ನೊಂದು ಮಾತು ಹೆಂಗಸರಾಗಿ ನಾವು ಹೇಳಲೇಬೇಕು. ಹೊಟೇಲಿನ ಚರಿತ್ರೆಯಲ್ಲಿ ಬೋರ್ಡಿನ ಮೇಲೆ ಗಂಡಸರ ಹೆಸರು. ಉಡುಪಿ ಹೊಟೇಲಿನ ಒಲೆಯ ಮುಂದೆಯೂ ಗಂಡಸರೇ ಇದ್ದರು, ನಿಜ. ಆದರೆ ಅವರಿಗೆ ಆ ಕೈರುಚಿ ಬಂದದ್ದು ಎಲ್ಲಿಂದ? ಸಾರಿನ ಹುಡಿಗೆ ಕೊತ್ತಂಬರಿ ಎಷ್ಟು ಹುರಿಯಬೇಕು, ಹಿಟ್ಟು ಹುಳಿ ಬಂದದ್ದನ್ನು ಮೂಗಿನಲ್ಲೇ ಹೇಗೆ ತಿಳಿಯಬೇಕು, ಇವನ್ನು ಹೇಳಿಕೊಟ್ಟ ಅಮ್ಮಂದಿರ ಹೆಸರು ಯಾವ ಬೋರ್ಡಿನಲ್ಲೂ ಇಲ್ಲ. ಗಂಡ ಮುಂಬಯಿಯಲ್ಲಿ ಹೊಟೇಲಿನ ಮಾಳಿಗೆಯಲ್ಲಿ ಚಾಪೆ ಹಾಸಿ ಮಲಗುತ್ತಿದ್ದಾಗ ಊರಿನಲ್ಲಿ ಬೇಸಾಯ, ದನಕರು, ಅತ್ತೆ-ಮಾವ, ಮಕ್ಕಳನ್ನು ನೋಡಿಕೊಂಡು, ವರ್ಷಕ್ಕೊಮ್ಮೆ ಬರುವ ಗಂಡನಿಗಾಗಿ, ತಿಂಗಳಿಗೊಮ್ಮೆ ಬರುವ ಮನಿಆರ್ಡರಿಗಾಗಿ ಕಾದವರು ಹೆಂಗಸರು. ಆ ಕಾಯುವಿಕೆಯೂ ಈ ಉದ್ಯಮದ ಬಂಡವಾಳವೇ. ಅದರ ಲೆಕ್ಕ ಯಾವ ಖಾತೆ ಪುಸ್ತಕದಲ್ಲೂ ಬರೆದಿಲ್ಲ.

ಅದಕ್ಕೆ ನಮ್ಮ ಮಹಿಳಾ ವಿಭಾಗದ ಮುಂದೆ ಮೂರು ಸಣ್ಣ ಕೆಲಸಗಳನ್ನು ಇಡುತ್ತೇನೆ. ದುಡ್ಡು ಬೇಡ, ಹಾಲ್ ಬೇಡ.

ಮೊದಲನೆಯದು, ತಿಂಗಳಿಗೆ ಒಬ್ಬ ಹಿರಿಯರು. ಹೊಟೇಲಿನಲ್ಲಿ ದುಡಿದವರು, ಹೊಟೇಲಿನವರ ಮನೆಯ ಹೆಂಗಸರು, ರಾತ್ರಿ ಶಾಲೆಯಲ್ಲಿ ಕಲಿತವರು, ಕಲಿಸಿದವರು. ಅವರೆದುರು ಕೂತು, ಅವರ ಮಾತನ್ನು ಅವರ ಭಾಷೆಯಲ್ಲೇ ಮೊಬೈಲಿನಲ್ಲಿ ದಾಖಲಿಸಿಕೊಳ್ಳೋಣ. ಎಂಬತ್ತು ದಾಟಿದವರಿಂದ ಆರಂಭಿಸೋಣ. ಅವರು ನಮಗಾಗಿ ಬಹಳ ದಿನ ಕಾಯಲಾರರು.

ಎರಡನೆಯದು, ಅಡುಗೆಯನ್ನು ಬರೆಯುವಾಗ ಅದರ ಪದಗಳನ್ನೂ ಬರೆಯೋಣ. ಕುಡ್ತೆ, ಪಾವು, ಸೇರು. ಕಡೆಯುವ ಕಲ್ಲು, ಅಟ್ಟಿನಳಗೆ, ಕಾವಲಿ. ಯೂಟ್ಯೂಬಿನಲ್ಲಿ ಪತ್ರೊಡೆಯ ವಿಧಾನ ಸಿಗುತ್ತದೆ. ನಿಮ್ಮ ಅತ್ತೆ ಅದನ್ನು ಮಾಡುತ್ತ ಹೇಳುತ್ತಿದ್ದ ಮಾತು ಅಲ್ಲಿ ಸಿಗುವುದಿಲ್ಲ.

ಮೂರನೆಯದು, ಮಕ್ಕಳಿಗೆ ಅಕ್ಷರ. ಶಾಲೆ ಇಂಗ್ಲಿಷಿನದ್ದೇ ಇರಲಿ, ನಾನು ತಕರಾರು ಮಾಡುವುದಿಲ್ಲ. ವಾರಕ್ಕೆ ಒಂದು ಗಂಟೆ ಕನ್ನಡ ಓದಲು, ಬರೆಯಲು ಕಲಿಸೋಣ. ಪಾಠ ಹೊಟೇಲಿನ ಮೆನುವಿನಿಂದಲೇ ಶುರುವಾಗಲಿ. ಇಡ್ಲಿಯ 'ಇ', ಉಪ್ಪಿಟ್ಟಿನ 'ಉ', ದೋಸೆಯ 'ದೋ'. ಬಾಯಲ್ಲಿ ನೀರೂರಿಸುವ ಅಕ್ಷರ ಬೇಗ ಮರೆಯುವುದಿಲ್ಲ!

ಬರುವ ಏಪ್ರಿಲ್‌ನಲ್ಲಿ, ಚಿಂಗ್‌ಮಿಂಗ್‌ನ ದಿನಗಳಲ್ಲಿ, ಹೂವು-ಹಣ್ಣು ಹಿಡಿದ ಚೀನೀ ಕುಟುಂಬಗಳು ನಮ್ಮ ರಸ್ತೆಯಲ್ಲಿ ಕಂಡರೆ ಒಂದು ನಮಸ್ಕಾರ ಹೇಳಿ. ಅವರು ಪರದೇಶದವರಲ್ಲ, ನಮ್ಮ ಹಾಗೆಯೇ ಹಸಿವು ಹೊತ್ತು ಈ ಶಹರಕ್ಕೆ ಬಂದು, ಈ ಶಹರಕ್ಕೇ ಉಣಬಡಿಸಿದವರ ಮಕ್ಕಳು.

 ಮೊದಲ ಹಿರಿಯರ ಹೆಸರನ್ನು ಇವತ್ತೇ ಕಾರ್ಯದರ್ಶಿಯವರಲ್ಲಿ ಬರೆಸಿ ಹೋಗಿ ಎಂದು ವಿನಂತಿಸುತ್ತ ನನ್ನ ಮಾತು ಮುಗಿಸುತ್ತೇನೆ.